ಸರ್ವರ್ ಮೇಲೆ ಸೂಪರ್‌ಸೆಟ್, ಬ್ಯಾಕಪ್‌ನಲ್ಲಿ ಸೊನ್ನೆ

ಸೂಪರ್‌ಸೆಟ್ ಅಂದರೆ ಡೇಟಾಬೇಸ್‌ನಲ್ಲಿರುವುದನ್ನು ಬ್ರೌಸರ್‌ನಲ್ಲಿ ಚಾರ್ಟ್‌ಗಳಾಗಿ, ಚಾರ್ಟ್‌ಗಳನ್ನು ಜೋಡಿಸಿದ ಡ್ಯಾಶ್‌ಬೋರ್ಡ್ ಪುಟಗಳಾಗಿ ತೋರಿಸುವ ಉಚಿತ ತಂತ್ರಾಂಶ. ಅದರ ಬ್ಯಾಕಪ್ ಸರಿಯಾಗಿ ಬರ್ತಾ ಇದೆಯಾ ಅಂತ ಸುಮ್ನೆ ಒಮ್ಮೆ ನೋಡೋಣ ಎಂದು ಕೂತೆ. ಡ್ಯಾಶ್‌ಬೋರ್ಡ್‌ಗಳ ಲೆಕ್ಕ ಸೊನ್ನೆ ಅಂತ ಬಂತು. ಪಕ್ಕದ ಟ್ಯಾಬ್‌ನಲ್ಲಿ ಮೂರು ಡ್ಯಾಶ್‌ಬೋರ್ಡ್ ತೆರೆದೇ ಇದ್ದವು, ಚಾರ್ಟ್‌ಗಳೆಲ್ಲ ಚೆನ್ನಾಗಿಯೇ ಕಾಣುತ್ತಿದ್ದವು. ನಾನು ಬ್ಯಾಕಪ್ ತೆಗೆಯುತ್ತಿದ್ದ ಡೇಟಾಬೇಸ್‌ನಲ್ಲಿ ಮಾತ್ರ ಏನೂ ಇಲ್ಲ. ಹತ್ತು ದಿನದಿಂದ ಪ್ರತಿ ರಾತ್ರಿ ಖಾಲಿ ಡಬ್ಬಿಯನ್ನು ಜೋಪಾನವಾಗಿ ಎತ್ತಿಡುತ್ತಿದ್ದೆ ಅಂತಾಯ್ತು.

ಇಲ್ಲಿಗೆ ಹೇಗೆ ಬಂದೆ ಅಂತ ಮೊದಲಿನಿಂದ ಹೇಳುತ್ತೇನೆ.

ನಮ್ಮದೊಂದು ಚಿಕ್ಕ ಗುಂಪು. 40 ಮಳೆ ಮಾಪಕಗಳಿವೆ, ಒಂದೊಂದೂ 15 ನಿಮಿಷಕ್ಕೊಮ್ಮೆ ಒಂದು ಸಾಲು ಕಳಿಸುತ್ತದೆ. ದಿನಕ್ಕೆ 3,840 ಸಾಲು, ವರ್ಷಕ್ಕೆ ಸುಮಾರು 14 ಲಕ್ಷ. ಮೂರು ವರ್ಷದ್ದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿ ಕೂತಿತ್ತು. ಯಾರಾದರೂ ಒಂದು ಗ್ರಾಫ್ ಕೇಳಿದರೆ ನಾನು ಲ್ಯಾಪ್‌ಟಾಪ್ ತೆಗೆದು, ಪೈಥಾನ್ ಓಡಿಸಿ, ಚಿತ್ರ ಮಾಡಿ ಕಳಿಸಬೇಕು. ಮಳೆಗಾಲದಲ್ಲಿ ಇದೇ ಒಂದು ಕೆಲಸ ಆಗಿಬಿಡುತ್ತಿತ್ತು. ಎಲ್ಲರೂ ಬ್ರೌಸರ್‌ನಲ್ಲೇ ನೋಡಿಕೊಳ್ಳಲಿ, ನನ್ನನ್ನು ಬಿಟ್ಟುಬಿಡಲಿ ಎಂದು ಅಪಾಚೆ ಸೂಪರ್‌ಸೆಟ್ ಹಾಕಲು ಹೊರಟೆ. 2015ರಲ್ಲಿ ಏರ್‌ಬಿಎನ್‌ಬಿಯ ಒಂದು ಹ್ಯಾಕಥಾನ್‌ನಲ್ಲಿ ಮ್ಯಾಕ್ಸಿಮ್ ಬೋಶೆಮಿನ್ ಶುರು ಮಾಡಿದ ಕೆಲಸ ಇದು. ಡೇಟಾ ಕೆಲಸಗಳನ್ನು ಸರದಿಯಲ್ಲಿ ಓಡಿಸುವ ಏರ್‌ಫ್ಲೋ ಹುಟ್ಟುಹಾಕಿದವರೂ ಅವರೇ. 2021ರಲ್ಲಿ ಅಪಾಚೆ ಎಂಬ ಮುಕ್ತ ತಂತ್ರಾಂಶ ಸಂಸ್ಥೆಯ ಪೂರ್ಣ ಪ್ರಮಾಣದ ಪ್ರಾಜೆಕ್ಟ್ ಆಯಿತು. ನನಗೆ ಬೇಕಾಗಿದ್ದದ್ದು ಇಷ್ಟೇ: ಡೇಟಾ ಇದ್ದಲ್ಲೇ ಇರಬೇಕು, ಕೋಡ್ ಬರೆಯದವರೂ ಚಾರ್ಟ್ ಮಾಡಬೇಕು, ಕಾಸು ಕೊಡುವಂತಿರಬಾರದು.

ಮಷಿನ್ ಸಣ್ಣದು. 2 ಕೋರ್, 4 ಜಿಬಿ ಮೆಮೊರಿ, ಡೆಬಿಯನ್ 12 ಲಿನಕ್ಸ್. ಎಲ್ಲವನ್ನೂ ಪೊಟ್ಟಣ ಕಟ್ಟಿ ಓಡಿಸುವ ಡಾಕರ್ ಯಾಕೆ ಬಳಸಲಿಲ್ಲ ಅಂತ ಕೇಳುವವರಿಗೆ: ಸೂಪರ್‌ಸೆಟ್ ಜೊತೆ ಬರುವ ಡಾಕರ್ ಕಂಪೋಸ್ ಫೈಲ್ ರುಚಿ ನೋಡಲಿಕ್ಕೆ ಚೆನ್ನಾಗಿದೆ, ಆದರೆ ಅದನ್ನು ನಿಜವಾದ ಬಳಕೆಗೆ ಇಡಬೇಡಿ ಅಂತ ಅವರೇ ಬರೆದಿದ್ದಾರೆ. ಅಲ್ಲದೆ ಯಾವ ಭಾಗ ಎಲ್ಲಿ ಕೂತಿದೆ ಅಂತ ನನಗೆ ಕಣ್ಣಿಗೆ ಕಾಣಬೇಕು. ಇದು ನನ್ನ ಚಟ, ನಿಮಗೆ ಇರಬೇಕೆಂದೇನಿಲ್ಲ.

ಮೊದಲ ಸಂಜೆ ಎಲ್ಲ ಸಲೀಸು, ಒಂದೆರಡು ಕಡೆ ಬಿಟ್ಟು. ಡೆಬಿಯನ್ 12ರಲ್ಲಿ ಪೈಥಾನ್ ಪ್ಯಾಕೇಜ್ ಹಾಕುವ ಪಿಪ್ ಅನ್ನು ನೇರವಾಗಿ ಓಡಿಸಿದರೆ, ಈ ಪೈಥಾನ್ ಸಿಸ್ಟಮ್‌ಗೆ ಸೇರಿದ್ದು, ಕೈ ಹಾಕಬೇಡ ಅಂತ ಗದರಿಸುತ್ತದೆ. ಸರಿಯೇ. ಸೂಪರ್‌ಸೆಟ್‌ಗೆಂದೇ ಒಬ್ಬ ಬೇರೆ ಯೂಸರ್, ಅವನ ಹೋಮ್‌ನಲ್ಲಿ ಒಂದು ವರ್ಚುವಲ್ ಎನ್ವಿರಾನ್‌ಮೆಂಟ್, ಅಂದರೆ ಬೇರೆಯೇ ಪೈಥಾನ್ ಜಾಗ, ಮಾಡಿದೆ. ಸಿ ಕಂಪೈಲರ್, ಪೈಥಾನ್‌ನ ಹೆಡರ್ ಫೈಲ್‌ಗಳು, ಓಪನ್ ಎಸ್‌ಎಸ್‌ಎಲ್, ಎಲ್‌ಡ್ಯಾಪ್, ಸಾಸ್ಲ್ ಇವುಗಳ ಡೆವ್ ಪ್ಯಾಕೇಜ್‌ಗಳನ್ನು ಮೊದಲೇ ಹಾಕಿಕೊಂಡಿದ್ದೆ, ಹಾಗಾಗಿ ಬಿಲ್ಡ್ ಮಧ್ಯದಲ್ಲಿ ನಿಲ್ಲಲಿಲ್ಲ.

ಇನ್‌ಸ್ಟಾಲ್ ಮುಗಿದರೂ ಮೊದಲ ಕಮಾಂಡೇ ಓಡಲಿಲ್ಲ. ಮಾರ್ಷ್‌ಮ್ಯಾಲೋ ಅಂತ ಒಂದು ಲೈಬ್ರರಿ, ಪಿಪ್ ಅದರ ಹೊಚ್ಚ ಹೊಸ 4ನೇ ಆವೃತ್ತಿಯನ್ನು ಎಳೆದುಕೊಂಡು ಬಂದಿತ್ತು, ಸೂಪರ್‌ಸೆಟ್ ಇನ್ನೂ 3ರ ಜೊತೆ ಸಂಸಾರ ಮಾಡುತ್ತಿತ್ತು. 4ಕ್ಕಿಂತ ಕೆಳಗಿನದು ಕೊಡು ಎಂದು ಹೇಳಿದ ಮೇಲೆ ಸರಿಹೋಯಿತು. ಆದರೆ ಇಂಥದ್ದನ್ನು ಒಂದೊಂದಾಗಿ ಹಿಡಿಯುತ್ತಾ ಕೂರಬೇಡಿ. ಸೂಪರ್‌ಸೆಟ್‌ನ ಸೋರ್ಸ್‌ನಲ್ಲಿ ರಿಕ್ವೈರ್‌ಮೆಂಟ್ಸ್ ಅಂತ ಒಂದು ಫೋಲ್ಡರ್ ಇದೆ, ಅದರಲ್ಲಿ ಬೇಸ್ ಎಂಬ ಫೈಲ್. ಅವರು ಪರೀಕ್ಷೆ ಮಾಡಿ ನೋಡಿದ ಆವೃತ್ತಿಗಳು ಅಂಕಿ ಸಮೇತ ಅಲ್ಲಿವೆ. ನೀವು ಹಾಕುವ ಸೂಪರ್‌ಸೆಟ್ ಯಾವುದೋ ಅದೇ ಟ್ಯಾಗ್‌ನ ಫೈಲ್ ತಂದು, ಅದನ್ನೇ ಪಿಪ್‌ಗೆ ಕೊಡಿ. ಎರಡನೇ ಸಲ ನಾನು ಹಾಗೇ ಮಾಡಿದೆ, ಒಂದು ಎರರ್ ಇಲ್ಲ. ಪೋಸ್ಟ್‌ಗ್ರೆಸ್ ಡ್ರೈವರ್ ಜೊತೆಯಲ್ಲಿ ಬರುವುದಿಲ್ಲ, ಅದನ್ನು ಬೇರೆ ಹಾಕಬೇಕು. ಇದನ್ನು ಮರೆತರೆ ಡೇಟಾಬೇಸ್‌ಗಳ ಪಟ್ಟಿಯಲ್ಲಿ ಪೋಸ್ಟ್‌ಗ್ರೆಸ್ ಹೆಸರೇ ಕಾಣುವುದಿಲ್ಲ.

ಆಮೇಲೆ ಸೀಕ್ರೆಟ್ ಕೀ, ಅಂದರೆ ಲಾಗಿನ್ ಕುಕೀಗಳಿಗೆ ಸಹಿ ಹಾಕುವ ಗುಟ್ಟಿನ ಸಾಲು. ಸೂಪರ್‌ಸೆಟ್ ಜೊತೆ ಬರುವ ಡೀಫಾಲ್ಟ್ ಕೀ ಹಾಗೇ ಬಿಟ್ಟರೆ 2.1ರಿಂದ ಈಚೆಗೆ ಅದು ಶುರುವೇ ಆಗುವುದಿಲ್ಲ. ಇದಕ್ಕೆ ಕಾರಣವೂ ಇದೆ. ಆ ಕೀ ಎಲ್ಲರಿಗೂ ಗೊತ್ತಿರುವಂಥದ್ದು, ಅದು ಗೊತ್ತಿದ್ದರೆ ಅಡ್ಮಿನ್ ಕುಕೀಯನ್ನು ಯಾರು ಬೇಕಾದರೂ ತಾವೇ ತಯಾರಿಸಿಕೊಂಡು ಒಳಗೆ ನುಗ್ಗಬಹುದು. 2023ರಲ್ಲಿ ಇದನ್ನು ಹುಡುಕಿ ಹೇಳಿದವರು ಇಂಟರ್ನೆಟ್‌ಗೆ ತೆರೆದಿದ್ದ ಸೂಪರ್‌ಸೆಟ್‌ಗಳನ್ನು ನೋಡಿದರೆ ಸುಮಾರು ಮೂರರಲ್ಲಿ ಎರಡು ಡೀಫಾಲ್ಟ್ ಕೀ ಮೇಲೇ ಓಡುತ್ತಿದ್ದವಂತೆ. ಹಾಗಾಗಿ ಆ ತಡೆ ಒಳ್ಳೆಯದೇ. ನಾನು ಮಾತ್ರ ಆ ಹೊತ್ತಿಗೆ ಹೇಗಾದರೂ ಸ್ಕ್ರೀನ್ ಮೇಲೆ ಏನಾದರೂ ಬರಲಿ ಎಂಬ ಆತುರದಲ್ಲಿದ್ದೆ. ಸೂಪರ್‌ಸೆಟ್ ಸೀಕ್ರೆಟ್ ಕೀ ಎಂಬ ಎನ್ವಿರಾನ್‌ಮೆಂಟ್ ವೇರಿಯೇಬಲ್‌ಗೆ ಒಂದು ಉದ್ದದ ಸಾಲು ಕೊಟ್ಟೆ. ಟೇಬಲ್‌ಗಳನ್ನು ತಯಾರಿಸುವ ಡಿಬಿ ಅಪ್‌ಗ್ರೇಡ್ ಓಡಿಸಿದೆ, ಅಡ್ಮಿನ್ ಮಾಡಿದೆ, ಇನಿಟ್ ಓಡಿಸಿದೆ. 8088 ಪೋರ್ಟ್‌ನಲ್ಲಿ ಲಾಗಿನ್ ಪುಟ ಬಂತು. ಖುಷಿಯೋ ಖುಷಿ.

ಇಲ್ಲೇ ಬಿತ್ತಿದ್ದು ಬೀಜ. ಏನೂ ಹೇಳದಿದ್ದರೆ ಸೂಪರ್‌ಸೆಟ್ ತನ್ನ ಸ್ವಂತ ವಿಷಯಗಳನ್ನೆಲ್ಲ, ಅಂದರೆ ಯೂಸರ್‌ಗಳು, ಚಾರ್ಟ್‌ಗಳು, ಡ್ಯಾಶ್‌ಬೋರ್ಡ್‌ಗಳು, ಎಲ್ಲವನ್ನೂ ಹೋಮ್ ಒಳಗಿನ ಚುಕ್ಕಿ ಸೂಪರ್‌ಸೆಟ್ (.superset) ಫೋಲ್ಡರ್‌ನಲ್ಲಿ ಒಂದು ಎಸ್‌ಕ್ಯೂಎಲ್‌ಲೈಟ್ ಫೈಲ್‌ಗೆ, ಅಂದರೆ ಒಂದೇ ಫೈಲ್‌ನ ಪುಟ್ಟ ಡೇಟಾಬೇಸ್‌ಗೆ, ಬರೆಯುತ್ತದೆ. ಇದು ನನಗೆ ಗೊತ್ತಿತ್ತು. ಅದಕ್ಕೇ ಮಾರನೆಯ ದಿನ ಶಿಸ್ತಾಗಿ ಕೂತು ಒಂದು ಕಾನ್ಫಿಗ್ ಫೈಲ್ ಬರೆದೆ, ಪೋಸ್ಟ್‌ಗ್ರೆಸ್‌ನಲ್ಲಿ ಸೂಪರ್‌ಸೆಟ್‌ಗೆಂದೇ ಒಂದು ಡೇಟಾಬೇಸ್ ಮಾಡಿ ಅದರ ವಿಳಾಸ ಕೊಟ್ಟೆ. ಕಾನ್ಫಿಗ್ ಎಲ್ಲಿದೆ ಎಂದು ಹೇಳುವ ವೇರಿಯೇಬಲ್ಲನ್ನು, ಟರ್ಮಿನಲ್ ತೆರೆದಾಗ ಓದಲ್ಪಡುವ ಬ್ಯಾಷ್‌ಆರ್‌ಸಿ ಫೈಲ್‌ಗೆ ಹಾಕಿದೆ. ಟರ್ಮಿನಲ್‌ನಲ್ಲಿ ಮತ್ತೆ ಡಿಬಿ ಅಪ್‌ಗ್ರೇಡ್ ಓಡಿಸಿದೆ. ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್‌ಗಳು ಸಾಲುಸಾಲಾಗಿ ಎದ್ದು ನಿಂತವು. ಅಡ್ಮಿನ್ನನ್ನೂ ಅದೇ ಹೆಸರು, ಅದೇ ಪಾಸ್‌ವರ್ಡ್‌ನಲ್ಲಿ ಮತ್ತೆ ಮಾಡಿದೆ. ಮುಗೀತು ಅಂದುಕೊಂಡೆ. ಬ್ಯಾಕಪ್‌ಗೆ, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನಲ್ಲಿ, ಪೋಸ್ಟ್‌ಗ್ರೆಸ್‌ನ ನಕಲು ತೆಗೆಯುವ ಪಿಜಿ ಡಂಪ್ ಸಾಲನ್ನೂ ಹಾಕಿಬಿಟ್ಟೆ.

ಆದರೆ ಸರ್ವರ್ ಅನ್ನು ಎಬ್ಬಿಸುವುದು ಟರ್ಮಿನಲ್ ಅಲ್ಲ, ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ. ಸಿಸ್ಟಮ್‌ಡಿ ಬ್ಯಾಷ್‌ಆರ್‌ಸಿಯನ್ನು ಓದುವುದಿಲ್ಲ, ಅದಕ್ಕೆ ಅದರ ಹಂಗೇ ಇಲ್ಲ. ನನ್ನ ಸರ್ವಿಸ್ ಫೈಲ್‌ನಲ್ಲಿ ಇದ್ದದ್ದು ಮೊದಲ ಸಂಜೆ ಆತುರದಲ್ಲಿ ಕೊಟ್ಟ ಸೀಕ್ರೆಟ್ ಕೀ ಒಂದೇ. ಅದಿದ್ದಿದ್ದರಿಂದ ಸೂಪರ್‌ಸೆಟ್ ತಕರಾರಿಲ್ಲದೆ ಎದ್ದಿತು, ಕಾನ್ಫಿಗ್ ಸಿಗಲಿಲ್ಲ, ಹಳೆಯ ಎಸ್‌ಕ್ಯೂಎಲ್‌ಲೈಟ್ ಫೈಲನ್ನೇ ತೆರೆದುಕೊಂಡಿತು. ಅಲ್ಲಿಯೂ ಅದೇ ಅಡ್ಮಿನ್, ಅದೇ ಪಾಸ್‌ವರ್ಡ್. ನನಗೆ ಅನುಮಾನ ಬರುವುದಾದರೂ ಹೇಗೆ? ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು ಅಂತಾರಲ್ಲ, ಟರ್ಮಿನಲ್ ಪೋಸ್ಟ್‌ಗ್ರೆಸ್ ಕಡೆ, ಸರ್ವಿಸ್ ಎಸ್‌ಕ್ಯೂಎಲ್‌ಲೈಟ್ ಕಡೆ.

ಹೀಗೇ ಹತ್ತು ದಿನ. ಅಷ್ಟರಲ್ಲಿ ಗುಂಪಿನವರು ಸೇರಿ ಮೂರು ಡ್ಯಾಶ್‌ಬೋರ್ಡ್, ಹತ್ತೊಂಬತ್ತು ಚಾರ್ಟ್ ಮಾಡಿದ್ದರು. ಒಳಗೆ ಚಾರ್ಟ್‌ಗಳ ಟೇಬಲ್ಲಿನ ಹೆಸರು ಸ್ಲೈಸಸ್, ಹಳೆಯ ಕಾಲದ ಹೆಸರು ಹಾಗೇ ಉಳಿದಿದೆ. ಬ್ಯಾಕಪ್ಪನ್ನು ಬೇರೆ ಡೇಟಾಬೇಸ್‌ಗೆ ಇಳಿಸಿ ಡ್ಯಾಶ್‌ಬೋರ್ಡ್ಸ್, ಸ್ಲೈಸಸ್ ಎರಡನ್ನೂ ಎಣಿಸಿದೆ. ಎರಡೂ ಸೊನ್ನೆ. ಮೊದಲು ಪಿಜಿ ಡಂಪ್ ಮೇಲೆ ಸಿಟ್ಟು ಬಂತು. ಮೂಲ ಡೇಟಾಬೇಸ್‌ನಲ್ಲೇ ಎಣಿಸಿದೆ, ಅಲ್ಲಿಯೂ ಸೊನ್ನೆ. ಆಗ ಎದೆ ಧಸಕ್ಕೆಂದಿತು.

ಹಿಡಿದುಕೊಟ್ಟಿದ್ದು ಲಾಗ್‌ನ ಒಂದು ಸಾಲು, ಸರಿಯಾಗಿ ಹೇಳಬೇಕೆಂದರೆ ಲಾಗ್‌ನಲ್ಲಿ ಇಲ್ಲದ ಸಾಲು. ಕಾನ್ಫಿಗ್ ಸಿಕ್ಕರೆ ಸೂಪರ್‌ಸೆಟ್ ಶುರುವಿನಲ್ಲೇ 'ಲೋಡೆಡ್ ಯುವರ್ ಲೋಕಲ್ ಕಾನ್ಫಿಗರೇಶನ್ ಅಟ್' ಎಂದು ಬರೆದು, ಮುಂದೆ ಆ ಫೈಲ್‌ನ ಪೂರ್ತಿ ದಾರಿ ಕೊಡುತ್ತದೆ. ಟರ್ಮಿನಲ್‌ನಲ್ಲಿ ಯಾವ ಕಮಾಂಡ್ ಕೊಟ್ಟರೂ ಈ ಸಾಲು ಬರುತ್ತಿತ್ತು, ನೋಡಿ ನೋಡಿ ಕಣ್ಣಿಗೆ ಅಭ್ಯಾಸ ಆಗಿತ್ತು. ಜರ್ನಲ್ ತೆಗೆದು ಸರ್ವಿಸ್‌ನ ಲಾಗ್ ನೋಡಿದರೆ ಈ ಸಾಲೇ ಇಲ್ಲ. ಈಗ ಯಾರಾದರೂ ಸೂಪರ್‌ಸೆಟ್ ಏನೋ ವಿಚಿತ್ರ ಮಾಡ್ತಿದೆ ಅಂದರೆ ನಾನು ಮೊದಲು ಕೇಳುವುದು ಇದನ್ನೇ: ಆ ಸಾಲು ಇದೆಯಾ, ಇದ್ದರೆ ಯಾವ ಫೈಲ್ ತೋರಿಸ್ತಿದೆ?

ಸರಿಪಡಿಸುವ ಮೊದಲು ಒಂದು ಬುದ್ಧಿವಂತಿಕೆ ಮಾಡಿದೆ, ಈ ಕಥೆಯಲ್ಲಿ ನಾನು ಮಾಡಿದ ಒಂದೇ ಬುದ್ಧಿವಂತಿಕೆ ಅನ್ನಬಹುದು. ಹಳೆಯ ಸರ್ವಿಸ್ ಇನ್ನೂ ಓಡುತ್ತಿರುವಾಗಲೇ ಮೂರೂ ಡ್ಯಾಶ್‌ಬೋರ್ಡ್ ಎಕ್ಸ್‌ಪೋರ್ಟ್ ಮಾಡಿಕೊಂಡೆ. ಒಂದು ಜಿಪ್ ಬರುತ್ತದೆ, ಒಳಗೆ ಚಾರ್ಟ್, ಡೇಟಾಸೆಟ್, ಡೇಟಾಬೇಸ್ ಎಲ್ಲ ಯಾಮಲ್ ಎಂಬ ಪಠ್ಯ ಫೈಲ್‌ಗಳಾಗಿರುತ್ತವೆ. ಪಾಸ್‌ವರ್ಡ್ ಮಾತ್ರ ಇರುವುದಿಲ್ಲ, ಅದರ ಜಾಗದಲ್ಲಿ ಸಾಲಾಗಿ ಎಕ್ಸ್ ಅಕ್ಷರಗಳು. ಇಂಪೋರ್ಟ್ ಮಾಡುವಾಗ ಕೇಳುತ್ತದೆ, ಕೊಟ್ಟರಾಯ್ತು. ಎಸ್‌ಕ್ಯೂಎಲ್‌ಲೈಟ್ ಫೈಲನ್ನೂ ಒಂದು ಕಡೆ ನಕಲು ಮಾಡಿಟ್ಟೆ.

ವೇರಿಯೇಬಲ್‌ಗಳನ್ನೆಲ್ಲ ಬ್ಯಾಷ್‌ಆರ್‌ಸಿಯಿಂದ ತೆಗೆದು ಒಂದೇ ಫೈಲ್‌ನಲ್ಲಿ ಹಾಕಿದೆ. ಸರ್ವಿಸ್ ಅದನ್ನೇ ಓದುತ್ತದೆ, ಟರ್ಮಿನಲ್‌ನಲ್ಲಿ ಏನಾದರೂ ಓಡಿಸಬೇಕಾದರೂ ಅದನ್ನೇ ಓದಿಸಿಕೊಂಡು ಓಡಿಸುತ್ತೇನೆ. ರೀಸ್ಟಾರ್ಟ್. ಲಾಗ್‌ನಲ್ಲಿ ಆ ಸಾಲು ಬಂತು. ಲಾಗಿನ್ ಆದೆ, ನಿರೀಕ್ಷೆಯಂತೆ ಎಲ್ಲ ಖಾಲಿ. ಇಂಪೋರ್ಟ್ ಒತ್ತಿದೆ.

ಲಾಗಿನ್ ಪುಟಕ್ಕೆ ಎಸೆಯಿತು.

ಮತ್ತೆ ಲಾಗಿನ್ ಆದೆ. ಎರಡು ಕ್ಲಿಕ್ ಸರಿಯಾಗಿ ಹೋಯಿತು, ಮೂರನೆಯದಕ್ಕೆ ಮತ್ತೆ ಲಾಗಿನ್ ಪುಟ. ಹೇಗೋ ನಾಲ್ಕೈದು ಪ್ರಯತ್ನದಲ್ಲಿ ಇಂಪೋರ್ಟ್ ಆಯಿತು. ಡ್ಯಾಶ್‌ಬೋರ್ಡ್ ತೆರೆದರೆ ಕೆಲವು ಚಾರ್ಟ್ ಬಂದವು, ಕೆಲವು ಎರರ್ ತೋರಿಸಿದವು. ರಿಫ್ರೆಶ್ ಮಾಡಿದರೆ ಬಂದಿದ್ದವು ಹೋದವು, ಹೋಗಿದ್ದವು ಬಂದವು. ಕುಕೀ ಅಳಿಸಿದೆ, ಬ್ರೌಸರ್ ಬದಲಿಸಿದೆ, ಮುಂದೆ ನಿಂತು ಕೋರಿಕೆಗಳನ್ನು ಒಳಗೆ ದಾಟಿಸುವ ವೆಬ್ ಸರ್ವರ್ ಎಂಜಿನ್‌ಎಕ್ಸ್‌ನ ಹೆಡರ್‌ಗಳನ್ನೆಲ್ಲ ಅನುಮಾನಿಸಿದೆ. ಒಂದೂವರೆ ಗಂಟೆ ತಲೆ ಕೆರೆದುಕೊಂಡ ಮೇಲೆ ಸೂಪರ್‌ಸೆಟ್ಟನ್ನು ಓಡಿಸುವ ಗುನಿಕಾರ್ನ್‌ನ ವರ್ಕರ್‌ಗಳನ್ನು, ಅಂದರೆ ಒಟ್ಟಿಗೆ ಓಡುವ ಅದರ ಪ್ರತಿಗಳನ್ನು, ಎರಡರಿಂದ ಒಂದಕ್ಕೆ ಇಳಿಸಿ ನೋಡಿದೆ. ಕಾಟ ಮಾಯ. ಮತ್ತೆ ಎರಡು ಮಾಡಿದೆ, ಕಾಟ ವಾಪಸ್. ಅಂದರೆ ಎರಡು ವರ್ಕರ್‌ಗಳ ನಡುವೆ ಯಾವುದೋ ಒಂದು ವಿಷಯದಲ್ಲಿ ಒಮ್ಮತ ಇಲ್ಲ.

ಕಾನ್ಫಿಗ್ ತೆರೆದು ನೋಡಿದೆ. ಸೀಕ್ರೆಟ್ ಕೀ ಸಾಲಿನಲ್ಲಿ ಕೀ ಇರಲಿಲ್ಲ, ಹೊಸ ಕೀ ಹುಟ್ಟಿಸುವ ಪೈಥಾನ್ ಕರೆ ಇತ್ತು. ಹಳೆಯ ಯಾವುದೋ ಚಿಕ್ಕ ಫ್ಲಾಸ್ಕ್ ಪ್ರೋಗ್ರಾಮ್‌ನಿಂದ ನಾನೇ ಎತ್ತಿ ಅಂಟಿಸಿದ್ದು. ಕಾನ್ಫಿಗ್ ಅಂದರೆ ಬರೀ ಪೈಥಾನ್ ಫೈಲ್, ಅದನ್ನು ಪ್ರತಿ ವರ್ಕರ್ ತಾನೇ ಬೇರೆಯಾಗಿ ಓಡಿಸುತ್ತದೆ. ಹಾಗಾಗಿ ಒಬ್ಬೊಬ್ಬನಿಗೂ ಒಂದೊಂದು ಕೀ ಹುಟ್ಟಿತು. ಒಬ್ಬ ಸಹಿ ಮಾಡಿಕೊಟ್ಟ ಕುಕೀ ಇನ್ನೊಬ್ಬನಿಗೆ ನಕಲಿ ಕುಕೀ. ಹತ್ತು ದಿನ ಈ ಫೈಲನ್ನು ಸರ್ವಿಸ್ ಓದದೇ ಇದ್ದದ್ದರಿಂದ ತಪ್ಪು ಹಾಗೇ ಮಲಗಿತ್ತು, ಓದಿದ ದಿನವೇ ಎದ್ದು ಕೂತಿತು.

ಇಷ್ಟಕ್ಕೇ ಮುಗಿಯಲಿಲ್ಲ. ಸೂಪರ್‌ಸೆಟ್ ತನಗೆ ಕೊಟ್ಟ ಡೇಟಾಬೇಸ್ ಪಾಸ್‌ವರ್ಡ್‌ಗಳನ್ನೂ ಇದೇ ಸೀಕ್ರೆಟ್ ಕೀಯಿಂದ ಮುಚ್ಚಿಡುತ್ತದೆ. ಓಪನ್ ಎಸ್‌ಎಸ್‌ಎಲ್‌ನ ರ‍್ಯಾಂಡ್ ಕಮಾಂಡ್‌ನಿಂದ 42 ಬೈಟ್‌ನ ಒಂದು ಸ್ಥಿರ ಕೀ ಮಾಡಿ ಹಾಕಿ, ರೀಸ್ಟಾರ್ಟ್ ಮಾಡಿದಾಗ ಲಾಗಿನ್ ಗಟ್ಟಿಯಾಗಿ ನಿಂತಿತು, ಆದರೆ ಚಾರ್ಟ್ ಒಂದೂ ಬರಲಿಲ್ಲ. ಲಾಗ್‌ನಲ್ಲಿ 'ಇನ್‌ವ್ಯಾಲಿಡ್ ಡಿಕ್ರಿಪ್ಷನ್ ಕೀ'. ಮಾಪಕಗಳ ಡೇಟಾಬೇಸ್ ಪಾಸ್‌ವರ್ಡ್ ಆ ಹೊತ್ತಿನ ಕೀಯಿಂದ ಬೀಗ ಹಾಕಿಸಿಕೊಂಡಿತ್ತು, ಬೀಗದ ಕೈ ಪ್ರೋಸೆಸ್ ಜೊತೆಗೇ ಸತ್ತಿತ್ತು. ಹಳೆಯ ಕೀ ಕೈಯಲ್ಲಿದ್ದಿದ್ದರೆ ದಾರಿ ಇದೆ: ಅದನ್ನು ಪ್ರೀವಿಯಸ್ ಸೀಕ್ರೆಟ್ ಕೀ ಎಂದು ಕಾನ್ಫಿಗ್‌ನಲ್ಲಿ ಕೊಟ್ಟು, ರಿ-ಎನ್‌ಕ್ರಿಪ್ಟ್-ಸೀಕ್ರೆಟ್ಸ್ ಕಮಾಂಡ್ ಓಡಿಸಿದರೆ ಎಲ್ಲ ಹೊಸ ಕೀಗೆ ಬದಲಾಗುತ್ತದೆ. ನನ್ನ ಹತ್ತಿರ ಇರಲಿಲ್ಲ. ಸೂಪರ್‌ಸೆಟ್ ತನ್ನ ಸ್ವಂತ ವಿಷಯ ಇಡುವ ಮೆಟಾಡೇಟಾ ಡೇಟಾಬೇಸ್ ಪೂರ್ತಿ ಅಳಿಸಿ, ಅಪ್‌ಗ್ರೇಡ್, ಅಡ್ಮಿನ್, ಇನಿಟ್ ಮತ್ತೆ ಓಡಿಸಿ, ಜಿಪ್ಪನ್ನು ಮತ್ತೆ ಇಂಪೋರ್ಟ್ ಮಾಡಿದೆ. ಹತ್ತು ನಿಮಿಷದ ಕೆಲಸ. ಜಿಪ್ ಇಲ್ಲದಿದ್ದರೆ ಗೋಳು ಬೇರೆಯೇ ಇರುತ್ತಿತ್ತು.

ವರ್ಕರ್ ಎರಡೇ ಯಾಕೆ ಅಂತಲೂ ಹೇಳಿಬಿಡುತ್ತೇನೆ. ಡಾಕ್ಯುಮೆಂಟ್‌ನ ಗುನಿಕಾರ್ನ್ ಉದಾಹರಣೆಯಲ್ಲಿ 10 ವರ್ಕರ್ ಇದೆ. ನಾನು ಕಣ್ಣು ಮುಚ್ಚಿ ಅದನ್ನೇ ಹಾಕಿದ್ದೆ. ನನ್ನಲ್ಲಿ ಒಂದೊಂದು ವರ್ಕರ್ ಸುಮಾರು 300 ಎಂಬಿ ತಿನ್ನುತ್ತದೆ. ಹತ್ತಕ್ಕೆ 3 ಜಿಬಿ, ಅದೇ ಮಷಿನ್‌ನಲ್ಲಿ ಪೋಸ್ಟ್‌ಗ್ರೆಸ್, ಮೆಮೊರಿಯಲ್ಲೇ ಡೇಟಾ ಇಡುವ ರೆಡಿಸ್ ಬೇರೆ. ಮೂವರು ಒಟ್ಟಿಗೆ ಡ್ಯಾಶ್‌ಬೋರ್ಡ್ ತೆರೆದ ದಿನ ಮೆಮೊರಿ ತೀರಿದಾಗ ಪ್ರೋಸೆಸ್‌ಗಳನ್ನು ಕೊಲ್ಲುವ ಕರ್ನಲ್‌ನ ಓಓಎಂ ಕಿಲ್ಲರ್ ಬಂದು ಹೊಡೆದುಹಾಕಿತು, ಅದೂ ಸೂಪರ್‌ಸೆಟ್ಟನ್ನಲ್ಲ, ಪೋಸ್ಟ್‌ಗ್ರೆಸ್ಸನ್ನು. ಕೋರ್‌ನ ಎರಡರಷ್ಟು ಮತ್ತು ಒಂದು ಎಂಬ ಗುನಿಕಾರ್ನ್ ಸೂತ್ರ ಹಿಡಿದರೂ ಐದು ಬರುತ್ತದೆ, ಅದೂ ನನಗೆ ಜಾಸ್ತಿಯೇ. ಎರಡು ವರ್ಕರ್, ಒಂದೊಂದರಲ್ಲಿ ಎಂಟು ಥ್ರೆಡ್ ಎಂದು ಇಟ್ಟೆ. ಸೂಪರ್‌ಸೆಟ್ ಮಾಡುವುದು ಹೆಚ್ಚಾಗಿ ಡೇಟಾಬೇಸ್ ಉತ್ತರಕ್ಕೆ ಕಾಯುವ ಕೆಲಸ, ಅದಕ್ಕೆ ಥ್ರೆಡ್ ಸಾಕು.

ಎಂಜಿನ್‌ಎಕ್ಸ್ ಹೆಚ್ಚು ಸತಾಯಿಸಲಿಲ್ಲ. ಗುನಿಕಾರ್ನ್ ಹೊರಗಿನವರಿಗೆ ಕಾಣದಂತೆ 127.0.0.1ರ ಮೇಲೆ ಮಾತ್ರ ಕೇಳಿಸಿಕೊಳ್ಳಬೇಕು, ಮುಂದೆ ಎಂಜಿನ್‌ಎಕ್ಸ್, ಅದಕ್ಕೆ ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್. ಕಾನ್ಫಿಗ್‌ನಲ್ಲಿ ಎನೇಬಲ್ ಪ್ರಾಕ್ಸಿ ಫಿಕ್ಸ್ ಅನ್ನು ಟ್ರೂ ಮಾಡಬೇಕು, ಎಂಜಿನ್‌ಎಕ್ಸ್ ಕಡೆಯಿಂದ ಫಾರ್ವರ್ಡೆಡ್ ಹೆಡರ್‌ಗಳು ಹೋಗಬೇಕು. ಇಲ್ಲದಿದ್ದರೆ ಸೂಪರ್‌ಸೆಟ್ ತಾನು ಬರೀ ಎಚ್‌ಟಿಟಿಪಿಯಲ್ಲಿದ್ದೇನೆ ಅಂದುಕೊಂಡು ರೀಡೈರೆಕ್ಟ್‌ಗಳನ್ನು ಅಲ್ಲಿಗೇ ಕಳಿಸುತ್ತದೆ. ಡ್ಯಾಶ್‌ಬೋರ್ಡ್ ಮೇಲೆ ಹಾಕಿದ್ದ ಗುಂಪಿನ ಲೋಗೋ ಕಾಣಲಿಲ್ಲ ಅಂತ ಒಬ್ಬರು ಹೇಳಿದರು. ಹೊರಗಿನ ಸೈಟ್‌ನ ಚಿತ್ರಗಳನ್ನು 3.0ರಿಂದ ಸೂಪರ್‌ಸೆಟ್‌ನ ಭದ್ರತಾ ಪಾಲಿಸಿಯೇ ತಡೆಯುತ್ತದೆ. ಲೋಗೋ ಇಲ್ಲದಿದ್ದರೂ ಮಳೆ ಬರುತ್ತೆ, ಬಿಡಿ ಅಂದೆ.

ನಿಧಾನದ್ದು ಬೇರೆ ಪುರಾಣ. ಮೂರು ವರ್ಷದ ಚಾರ್ಟ್ ತೆರೆದರೆ ಸರಿಯಾಗಿ ಒಂದು ನಿಮಿಷಕ್ಕೆ ಕೈಚೆಲ್ಲುತ್ತಿತ್ತು. ಎಂಜಿನ್‌ಎಕ್ಸ್ ಕಾಯುವುದು 60 ಸೆಕೆಂಡ್, ಸೂಪರ್‌ಸೆಟ್‌ನ ವೆಬ್‌ಸರ್ವರ್ ಟೈಮ್‌ಔಟ್ ಕೂಡ 60. ಎರಡನ್ನೂ 180 ಮಾಡಿದೆ, ಆಮೇಲೆ ನಾಚಿಕೆಯಾಯಿತು. 42 ಲಕ್ಷ ಸಾಲನ್ನು ಪ್ರತಿ ಸಲ ಕೂಡಿಸುವುದು ಯಾಕೆ? ದಿನಕ್ಕೆ ಒಂದು, ಮಾಪಕಕ್ಕೆ ಒಂದು ಸಾಲಿನಂತೆ ಮಟೀರಿಯಲೈಸ್ಡ್ ವ್ಯೂ, ಅಂದರೆ ಮೊದಲೇ ಕೂಡಿಸಿಟ್ಟ ಟೇಬಲ್, ಮಾಡಿದೆ. 42 ಲಕ್ಷ ಇದ್ದದ್ದು 44 ಸಾವಿರದೊಳಗೆ ಬಂತು. ಚಾರ್ಟ್ ಒಂದು ಸೆಕೆಂಡಿನೊಳಗೆ. ಟೈಮ್‌ಔಟ್‌ಗಳನ್ನು ವಾಪಸ್ 60 ಮಾಡಿದೆ. ಒಮ್ಮೆ ತಂದ ಉತ್ತರವನ್ನು ಕೆಲಹೊತ್ತು ಇಟ್ಟುಕೊಳ್ಳುವ ಡೇಟಾ ಕ್ಯಾಶ್ ಕೂಡ ಡೀಫಾಲ್ಟ್ ಆಗಿ ಇರುವುದಿಲ್ಲ, ರೆಡಿಸ್‌ಗೆ ಜೋಡಿಸಿ 600 ಸೆಕೆಂಡ್ ಕೊಟ್ಟೆ. ಹೊಸ ಸಾಲು ಬರುವುದೇ 15 ನಿಮಿಷಕ್ಕೊಮ್ಮೆ ತಾನೇ.

ಆ ವ್ಯೂ ಮಾಡಿದ ವಾರವೇ ಗುಂಪಿನ ಹಿರಿಯರೊಬ್ಬರ ಫೋನ್ ಬಂತು. "ಏನಪ್ಪಾ, ಮಂಗಳವಾರ ನಸುಕಿನಲ್ಲಿ ಸುರಿದ ಮಳೆ ಸೋಮವಾರದ ಕಂಬದಲ್ಲಿ ಕೂತಿದೆಯಲ್ಲ?"

"ಮೂರು ಗಂಟೆ ಹೊತ್ತಿಗೆ ಬಂದದ್ದಾ ಸರ್?" ಅಂದೆ.

"ಹೌದು, ನಾನೇ ಎದ್ದು ನೋಡಿದ್ದೀನಿ. ಸೋಮವಾರ ಒಂದು ಹನಿ ಇಲ್ಲ."

ಮಾಪಕ ಸರಿಯಾಗಿತ್ತು, ಸಮಯವೂ ಸರಿಯಾಗಿತ್ತು. ಡೇಟಾಬೇಸ್‌ನ ಗಡಿಯಾರ ಜಗತ್ತಿಗೆಲ್ಲ ಒಂದೇ ಆದ ಯುಟಿಸಿ ಸಮಯದಲ್ಲಿತ್ತು, ನಮ್ಮದು ಅದಕ್ಕಿಂತ ಮುಂದಿದೆ. ದಿನಕ್ಕೆ ಕತ್ತರಿಸುವಾಗ ಪೋಸ್ಟ್‌ಗ್ರೆಸ್ ಯುಟಿಸಿಯ ನಡುರಾತ್ರಿಯಲ್ಲಿ ಕತ್ತರಿಸಿತ್ತು, ಹಾಗಾಗಿ ನಮ್ಮ ನಸುಕೆಲ್ಲ ಹಿಂದಿನ ದಿನದ ಪಾಲಾಗಿತ್ತು. ವ್ಯೂ ಒಳಗೆ ಅಟ್ ಟೈಮ್ ಜೋನ್ ಎಂದು ಬರೆದು ಮೊದಲು ನಮ್ಮ ಸಮಯಕ್ಕೆ ತಿರುಗಿಸಿ, ಆಮೇಲೆ ದಿನಕ್ಕೆ ಕತ್ತರಿಸಿದೆ. ಸೂಪರ್‌ಸೆಟ್‌ನಲ್ಲಿ ಇದಕ್ಕೊಂದು ಬಟನ್ ಇರುತ್ತೆ ಅಂತ ಹುಡುಕುತ್ತಾ ಕೂರಬೇಡಿ, ಡೇಟಾಬೇಸ್‌ನಲ್ಲೇ ಸರಿಮಾಡಿ. ಇನ್ನೊಂದು ವಿಷಯ, ಸೂಪರ್‌ಸೆಟ್ ಈ ಡೇಟಾಬೇಸ್‌ಗೆ ಹೋಗುವುದು ಓದಲು ಮಾತ್ರ ಹಕ್ಕಿರುವ ಯೂಸರ್ ಹೆಸರಿನಲ್ಲಿ. ಕ್ವೆರಿಗಳನ್ನು ನೇರವಾಗಿ ಬರೆಯುವ ಎಸ್‌ಕ್ಯೂಎಲ್ ಲ್ಯಾಬ್‌ನಲ್ಲಿ ಯಾರೋ ಕೈ ತಪ್ಪಿ ಡಿಲೀಟ್ ಬರೆದರೂ ಭಯವಿಲ್ಲ.

ನೋಡುವವರಿಗೆ ಗಾಮಾ ಎಂಬ ಕಡಿಮೆ ಹಕ್ಕಿನ ರೋಲ್ ಕೊಟ್ಟಿದ್ದೆ. ಅದಕ್ಕೆ ಡೇಟಾಸೆಟ್ ಹಕ್ಕು ತಾನಾಗಿ ಬರುವುದಿಲ್ಲ, ಎಲ್ಲರಿಗೂ ಮೊದಲ ದಿನ ಖಾಲಿ ಪಟ್ಟಿ ಕಂಡಿತು. ಬೇಕಾದ ಎರಡು ಡೇಟಾಸೆಟ್ ಸೇರಿಸಿ ಇನ್ನೊಂದು ರೋಲ್ ಮಾಡಿ, ಗಾಮಾ ಜೊತೆ ಅದನ್ನೂ ಕೊಟ್ಟೆ.

ವಾರಕ್ಕೊಮ್ಮೆ ಡ್ಯಾಶ್‌ಬೋರ್ಡ್‌ನ ಚಿತ್ರ ಇಮೇಲ್‌ಗೆ ಬರಲಿ ಅಂತ ಕೇಳುತ್ತಿದ್ದಾರೆ. ಅದಕ್ಕೆ ಹಿನ್ನೆಲೆಯಲ್ಲಿ ಕೆಲಸಗಳನ್ನು ಓಡಿಸುವ ಸೆಲರಿ ಬೇಕು, ಚಿತ್ರ ತೆಗೆಯಲು ಸರ್ವರ್‌ನಲ್ಲೇ ಒಂದು ಬ್ರೌಸರ್ ಓಡಬೇಕು. 4 ಜಿಬಿಯಲ್ಲಿ ಆಗುವ ಮಾತಲ್ಲ, ಸದ್ಯಕ್ಕೆ ಇಲ್ಲ ಅಂದಿದ್ದೇನೆ.

ಬ್ಯಾಕಪ್ ಸ್ಕ್ರಿಪ್ಟ್‌ಗೆ ಎರಡು ಸಾಲು ಸೇರಿಸಿದ್ದೇನೆ. ಡಂಪ್ ತೆಗೆದ ಮೇಲೆ ಅದನ್ನು ಒಂದು ತಾತ್ಕಾಲಿಕ ಡೇಟಾಬೇಸ್‌ಗೆ ಇಳಿಸಿ, ಎಣಿಸಿ, ಅಂಕಿಯನ್ನು ನನಗೆ ಕಳಿಸುತ್ತದೆ. ಸೀಕ್ರೆಟ್ ಕೀ ಆ ಡಂಪ್‌ನಲ್ಲಿ ಇರುವುದಿಲ್ಲವಲ್ಲ, ಅದನ್ನು ಬೇರೆ ಕಡೆ ಇಟ್ಟಿದ್ದೇನೆ. ನಿನ್ನೆ ರಾತ್ರಿ ಬಂದದ್ದು: ಡ್ಯಾಶ್‌ಬೋರ್ಡ್ 4, ಸ್ಲೈಸ್ 23.